ನೂರಾ ಮೂವತ್ತೆಂಟು ಗ್ರಾಂ

ಭಟ್ಕಳದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗುಮಾಸ್ತನಾಗಿದ್ದ ಕೃಷ್ಣಾನಂದನನ್ನು ಊರೆಲ್ಲ ಮಾಸ್ತರೆಂದೇ ಕರೆಯುತ್ತಿತ್ತು. ಅವನು ಒಂದು ದಿನವೂ ಪಾಠ ಮಾಡಿದವನಲ್ಲ. ಹಾಜರಿ ಪುಸ್ತಕ, ಟಿ.ಸಿ., ಸಂಬಳದ ಬಿಲ್ಲು, ಇಷ್ಟೇ ಅವನ ವಿದ್ಯೆ. ಆದರೆ ಗೌರವದಿಂದ ಕರೆದವರನ್ನು ತಿದ್ದುವುದು ಸಭ್ಯಸ್ಥರ ಲಕ್ಷಣವಲ್ಲ ಎಂಬುದು ಅವನ ಖಚಿತ ಅಭಿಪ್ರಾಯವಾಗಿತ್ತು. ಹೀಗೆ ಯಾರನ್ನೂ ತಿದ್ದದೆ ಬದುಕಿದ ಮನುಷ್ಯ, ತಿದ್ದಲೇಬೇಕಾದ ಸಂದರ್ಭ ಬಂದಾಗ ಬಾಯಿಬಿಟ್ಟರೆ ಊರು ನಂಬಲಿಲ್ಲ ಎಂದರೆ ಅದರಲ್ಲಿ ಊರಿನ ತಪ್ಪೇನೂ ಇಲ್ಲ.

ಎಲ್ಲ ಶುರುವಾದದ್ದು ೨೦೦೪ರ ದೀಪಾವಳಿಗೆ. ಹೆಂಡತಿ ಮಾಲತಿಯ ತಮ್ಮ ದಿನಕರ ಪುಣೆಯಿಂದ ಬಂದಿದ್ದ. ಅಲ್ಲಿ ಬ್ಯಾಂಕಿನಲ್ಲಿ ಕೆಲಸ; ರಜೆ ಸಿಕ್ಕಾಗಲೆಲ್ಲ ಬೆನ್ನಿಗೆ ಚೀಲ ಕಟ್ಟಿಕೊಂಡು ಬೆಟ್ಟ ಹತ್ತುವ ಹುಚ್ಚು. ಹೋಳಿಗೆ ತಿನ್ನುತ್ತಲೇ ಅವನು ಅಂಗೈಯಗಲದ ಡಿಜಿಟಲ್ ಕ್ಯಾಮರಾ ತೆಗೆದು, ಅದರ ಬೆನ್ನಲ್ಲಿದ್ದ ಪುಟ್ಟ ಪರದೆಯಲ್ಲಿ ಹಿಮಾಲಯ ತೋರಿಸಿದ. ಕೃಷ್ಣಾನಂದ ಕನ್ನಡಕ ತೆಗೆದು ನೋಡಿದ, ಹಾಕಿಕೊಂಡು ನೋಡಿದ, ಮತ್ತೆ ತೆಗೆದು ನೋಡಿದ. ನಲವತ್ತೇಳು ವರ್ಷದಲ್ಲಿ ಅವನು ಕಂಡ ಬರ್ಫವೆಂದರೆ ಮೀನಿನ ಗಂಗಿಯ ಬುಟ್ಟಿಯಲ್ಲಿ ಬಂಗುಡೆಯ ಮೇಲೆ ಹಾಕಿದ್ದು ಮಾತ್ರ. ಇಲ್ಲಿ ನೋಡಿದರೆ ಆಕಾಶದವರೆಗೂ ಬರ್ಫ, ಒಂದು ಮೀನೂ ಇಲ್ಲ!

"ನಾನೂ ಬತ್ತೆ. ನಾನೂ ನಡೀತೆ," ಎಂದುಬಿಟ್ಟ.

ಅಡುಗೆಮನೆಯಿಂದ ಮಾಲತಿ ನಕ್ಕಳು. "ಹಾರ್ಮೋನಿಯಂ ಕಲೀತೆ ಅಂದ್ರು, ಅದು ಅಟ್ಟದ ಮೇಲದೆ. ಜೇನು ಸಾಕ್ತೆ ಅಂದ್ರು, ಆ ಪೆಟ್ಟಿಗೇಲಿ ಹಲ್ಲಿ ಸಂಸಾರ ಮಾಡ್ಕೊಂಡದೆ. ಈಗ ಹಿಮಾಲಯ ಒಂದು ಬಾಕಿ ಇತ್ತು."

ದಿನಕರನೂ ನಕ್ಕ. ನಕ್ಕು ಒಂದು ಷರತ್ತು ಹಾಕಿದ. "ಭಾವ, ಮೊದ್ಲು ಇಲ್ಲಿಂದ ನಮ್ಮ ಕಾಗಾಲದ ಮನೆಗೆ ಸಮುದ್ರದ ದಂಡೆ ಹಿಡ್ದು ನಡ್ಕೊಂಡು ಬನ್ನಿ. ಹತ್ತಿರ ಹತ್ತಿರ ಎಪ್ಪತ್ತು ಕಿಲೋಮೀಟರ್. ಹೊರೆ ನಾಲ್ಕು ಕಿಲೋ ದಾಟೂಕಾಗ. ದಾರಿದು ಫೋಟೋ ತೋರ್ಸಬೇಕು. ಅಷ್ಟು ಮಾಡಿದ್ರೆ ಬರೂ ಮೇ ತಿಂಗಳಲ್ಲಿ ನಾನೇ ನಿಮ್ಮನ್ನ ಹಿಮಾಲಯಕ್ಕೆ ಕರ್ಕೊಂಡು ಹೋಗ್ತೆ. ಆಗೂದಿಲ್ಲ ಅಂದ್ರೆ ಇನ್ನು ಈ ಮಾತೇ ಬೇಡ."

"ಆತು!" ಎಂದ ಕೃಷ್ಣಾನಂದ. ಅವತ್ತು ರಾತ್ರಿ ಅವನಿಗೆ ಸಂತೋಷದಿಂದ ನಿದ್ರೆಯೇ ಬರಲಿಲ್ಲ.

ಮುಂದಿನ ಭಾನುವಾರದಿಂದ ಫೋನಿನಲ್ಲಿ ಪಾಠ. ದಿನಕರ ಪುಣೆಯಿಂದ ಹೇಳುವುದು, ಕೃಷ್ಣಾನಂದ ಹಳೆಯ ಪ್ರಶ್ನೆಪತ್ರಿಕೆಯ ಹಿಂಭಾಗದಲ್ಲಿ ಬರೆದುಕೊಳ್ಳುವುದು. ನಡೆಯುವವನಿಗೆ ಒಂದೊಂದು ಗ್ರಾಮೂ ವೈರಿ. ಹಲ್ಲುಜ್ಜುವ ಬ್ರಶ್ಶಿನ ಹಿಡಿಕೆಯನ್ನು ಅರ್ಧಕ್ಕೆ ಕತ್ತರಿಸಬೇಕು. ಗಡ್ಡ ಬೋಳಿಸುವ ಸಾಮಾನು ದಂಡದ ಭಾರ, ಈಗಿನಿಂದಲೇ ಗಡ್ಡ ಬಿಟ್ಟು ರೂಢಿ ಮಾಡಿಕೊಳ್ಳಬೇಕು. ದಂಡೆಯ ಹೊಯ್ಗೆಯಲ್ಲಿ, ಅಂದರೆ ಮರಳಿನಲ್ಲಿ, ಬೂಟಿಗಿಂತ ಬರಿಗಾಲು ಲೇಸು, ದಿನಾ ಬೆಳಿಗ್ಗೆ ಅಭ್ಯಾಸ ಬೇಕು. ಎಲ್ಲಕ್ಕಿಂತ ದೊಡ್ಡ ಹೊರೆ ಹೊಟ್ಟೆ, ಆದ್ದರಿಂದ ದಿನಕ್ಕೆ ಒಂದೇ ಊಟ, ರಾತ್ರಿ ಬರೀ ಹಾಲು. ಕೊನೆಯದಾಗಿ ಕ್ಯಾಮರಾ: ಬ್ಯಾಟರಿ, ಕಾರ್ಡು ಎಲ್ಲ ಸೇರಿ ನೂರೈವತ್ತು ಗ್ರಾಂ ಒಳಗೇ ಇರಬೇಕು.

ಭಟ್ಕಳದ ಪೇಟೆಯಲ್ಲಿ ದುಬೈ ಸಾಮಾನಿಗೆ ಬರವೇ? ಅತ್ತರಿನಿಂದ ಇಸ್ತ್ರಿಪೆಟ್ಟಿಗೆಯವರೆಗೆ ಎಲ್ಲವೂ ಸಿಗುವ ಅಂಗಡಿಯಲ್ಲಿ ದಾಮುದಿ ಸಾಹೇಬರು ಕೂತಿದ್ದರು. ಅವರು ಉತ್ಸಾಹದಿಂದ ನಾಲ್ಕು ಕ್ಯಾಮರಾ ಸಾಲಾಗಿ ಇಟ್ಟು ಝೂಮು, ಮೆಗಾಪಿಕ್ಸೆಲ್ಲು, ಫ್ಲ್ಯಾಶು ಎಂದು ವರ್ಣನೆ ಶುರುಮಾಡಿದರು. ಕೃಷ್ಣಾನಂದ ಕಣ್ಣು ಮುಚ್ಚಿ ಒಂದೊಂದನ್ನೇ ಅಂಗೈಯಲ್ಲಿ ತೂಗಿ ನೋಡಿದ.

"ಇದು ಎಷ್ಟು ಗ್ರಾಂ ಸಾಹೇಬರೆ?"

"ಗ್ರಾಂ?" ಸಾಹೇಬರು ಟೊಪ್ಪಿ ಸರಿಮಾಡಿಕೊಂಡರು. "ಮಾಸ್ತರೆ, ಇಪ್ಪತ್ತು ವರ್ಷದಿಂದ ಕ್ಯಾಮರಾ ಮಾರ್ತೇನೆ. ತೂಕ ಕೇಳಿದ ಗಿರಾಕಿ ನೀವೇ ಪಸ್ಟ್. ಇದೆಂತ ಬಟಾಟೆಯಾ?"

"ಡಬ್ಬದ ಮೇಲೆ ಬರ್ದದ್ದು ಬ್ಯಾಟರಿ ಬಿಟ್ಟು. ನನಗೆ ಬ್ಯಾಟರಿ ಸೇರಿಸಿ ಬೇಕು. ಕಾರ್ಡೂ ಒಳಗೇ ಇರಬೇಕು."

ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಐವತ್ತು ಗ್ರಾಮಿಗಿಂತ ಸಣ್ಣ ಕಲ್ಲಿಲ್ಲ. ಇಂಥ ಸೂಕ್ಷ್ಮ ತೂಕ ಊರಿನಲ್ಲಿ ಇರುವುದು ಒಂದೇ ಕಡೆ, ತಿಮ್ಮಪ್ಪ ಶೇಟರ ಚಿನ್ನ-ಬೆಳ್ಳಿಯ ಅಂಗಡಿಯಲ್ಲಿ. ಮಾಸ್ತರ ಮೇಲಿನ ನಂಬಿಕೆಯಿಂದ ಸಾಹೇಬರು ದಿನಕ್ಕೊಂದು ಕ್ಯಾಮರಾವನ್ನು ಕರವಸ್ತ್ರದಲ್ಲಿ ಸುತ್ತಿ ಕೊಟ್ಟು ಕಳಿಸಿದರು. ಮೊದಲ ದಿನದ್ದು ಮುನ್ನೂರ ಹತ್ತು ಗ್ರಾಂ, ಉದ್ದ ಮೂತಿಯದು. ಎರಡನೆಯದು ನೋಡಲು ಸಣ್ಣದು, ಆದರೆ ಎರಡು ಸೆಲ್ಲು ಹಾಕುತ್ತಲೇ ಇನ್ನೂರ ಹನ್ನೆರಡಕ್ಕೆ ಹಾರಿತು. ಮೂರನೆಯದು ನೂರ ಅರವತ್ತೈದು, ಬಿಸಿಲಿನಲ್ಲಿ ಪರದೆ ಕಾಣದಿದ್ದರೆ ಇಣುಕಿ ನೋಡಲು ಕಿಂಡಿಯೂ ಇರಲಿಲ್ಲ. ನಾಲ್ಕನೆಯ ದಿನ ಶೇಟರ ತಕ್ಕಡಿಯ ಮುಳ್ಳು ನೂರಾ ಮೂವತ್ತೆಂಟಕ್ಕೆ ನಿಂತಿತು. ಚಪ್ಪಟೆ ಬ್ಯಾಟರಿ ಸೇರಿ, ಹದಿನಾರು ಎಂಬಿ ಕಾರ್ಡು ಸೇರಿ, ಇಣುಕುವ ಕಿಂಡಿಯೂ ಸೇರಿ! ಕೃಷ್ಣಾನಂದ ಶೇಟರ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರು ನಿಂತಿತ್ತು.

ಈ ದೃಶ್ಯವನ್ನು ಎದುರು ಮನೆಯ ಸುಬ್ಬಿ ರಸ್ತೆಯಿಂದ ಕಂಡಳು. ಎಪ್ಪತ್ತು ದಾಟಿದ ಮುದುಕಿ. ಬೇರೆಯವರ ಸುದ್ದಿಯೇ ಅವಳ ಔಷಧ. ನಮ್ಮ ಕಡೆ ಹರಕೆ ಹೊತ್ತವರು ಬೆಳ್ಳಿಯ ಕಣ್ಣು, ಬೆಳ್ಳಿಯ ಕೈಕಾಲು ಮಾಡಿಸಿ ದೇವರಿಗೆ ಒಪ್ಪಿಸುವ ಪದ್ಧತಿ ಉಂಟಲ್ಲ, ಅದನ್ನು ಮಾಡಿಕೊಡುವವರು ಇದೇ ಶೇಟರು. ಸುಬ್ಬಿ ನೆಟ್ಟಗೆ ಒಳಗೆ ಹೋಗಿ ಕೇಳಿದಳು.

"ಶೇಟ್ರೆ, ಮಾಸ್ತರು ಎಂತ ಮಾಡಸ್ತಿದ್ರು?"

ಯಾರ ವಸ್ತುವನ್ನು ತೂಗಿದೆ ಎಂದು ಇನ್ನೊಬ್ಬರಿಗೆ ಹೇಳದಿರುವುದು ಶೇಟರ ಮೂರು ತಲೆಮಾರಿನ ವ್ರತ. "ಎಂತದೋ ಒಂದು. ತೂಕ ಸರಿ ಬಂತು, ಹೋದ್ರು," ಎಂದರು.

ಇಷ್ಟು ಸಾಕಾಯಿತು. ಬರಿಗಾಲು, ಗಡ್ಡ, ಒಪ್ಪೊತ್ತು ಊಟ, ನಾಲ್ಕು ದಿನ ಶೇಟರ ಅಂಗಡಿಗೆ ಓಡಾಟ, ಕಣ್ಣೀರು. ಇದೆಲ್ಲ ಏನೆಂದು ಹೇಳಲು ಪಂಚಾಂಗ ಬೇಕೆ? ಸಂಜೆಯೊಳಗೆ ಮಾಸ್ತರು ದೊಡ್ಡ ಹರಕೆ ಹೊತ್ತಿದ್ದಾರೆಂದು ಊರು ತೀರ್ಮಾನಿಸಿತು. ದಿನಾ ಬೆಳಿಗ್ಗೆ ಕಡಲ ದಂಡೆ ಹಿಡಿದು ಬಡಗಲಾಗಿ, ಉತ್ತರದ ಕಡೆ, ಬರಿಗಾಲಲ್ಲಿ ನಡೆಯುವವನು ಗೋಕರ್ಣಕ್ಕಲ್ಲದೆ ಇನ್ನೆಲ್ಲಿಗೆ ಹೋದಾನು? ಯಾರಿಗಾಗಿ ಎಂಬುದಷ್ಟೇ ಪ್ರಶ್ನೆ. ಅದನ್ನು ಮಾರನೆಯ ಬೆಳಿಗ್ಗೆ ಗಂಗಿ ಬಿಡಿಸಿದಳು. ಬುಟ್ಟಿ ಇಳಿಸಿ ಬಂಗುಡೆ ತೋರಿಸಿದರೆ ಮಾಲತಿ, "ಇವತ್ತು ಎರಡೇ ಸಾಕು. ಅವರು ರಾತ್ರಿಗೆ ಉಣ್ಣೂದಿಲ್ಲ, ನಾನೊಬ್ಳೇ," ಎಂದಳು.

ಗಂಗಿ ಸೊಂಟದ ಮೇಲೆ ಕೈಯಿಟ್ಟು ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಮಳೆಗಾಲದಲ್ಲಿ ಮಾಲತಿಗೆ ಒಂದು ವಾರ ಜ್ವರ ಬಂದದ್ದು ಅವಳಿಗೆ ನೆನಪಿತ್ತು. "ಅಮ್ಮಾ, ನೀವು ಪುಣ್ಯ ಮಾಡೀರಿ. ನಮ್ಮನೆಯವ್ನು ನನಗಾಗಿ ಒಂದು ಹೊತ್ತಿನ ಬೀಡಿ ಬಿಡೂದಿಲ್ಲ," ಎಂದು ಕಣ್ಣೊರೆಸಿಕೊಂಡು, ಎರಡರ ದುಡ್ಡಿಗೆ ನಾಲ್ಕು ಮೀನು ಹಾಕಿ ಹೋದಳು.

ಮಾಲತಿ ಸಿಕ್ಕವರಿಗೆಲ್ಲ ನಿಜ ಹೇಳಿದಳು. ಇದು ಹರಕೆಯಲ್ಲ, ಮಾರಾಯರೆ, ಇವರಿಗೆ ಹಿಮಾಲಯದ ಮರುಳು ಎಂದಳು. ಎಲ್ಲರೂ ತಲೆಯಾಡಿಸಿದರು. ಹರಕೆಯನ್ನು ಬಾಯಿಬಿಟ್ಟು ಹೇಳಿದರೆ ಫಲವಿಲ್ಲ ಎಂಬುದು ಸಣ್ಣ ಮಕ್ಕಳಿಗೂ ಗೊತ್ತು. ಹಾಗಾಗಿ ಅವಳು ಅಲ್ಲ ಎಂದಷ್ಟೂ ಹೌದು ಎಂಬುದು ಗಟ್ಟಿಯಾಗುತ್ತ ಹೋಯಿತು. ಕೊನೆಗೆ ಅವಳಿಗೂ ಸುಸ್ತಾಯಿತು. ಅದೂ ಅಲ್ಲದೆ ನೀರಿನ ನಲ್ಲಿಯ ಹತ್ತಿರ ಹೆಂಗಸರು ಅವಳ ಕೊಡವನ್ನೇ ಮೊದಲು ಇಡಲು ಬಿಡುತ್ತಿದ್ದರು. ಈ ಮರ್ಯಾದೆಯನ್ನು ಪೂರ್ತಿ ನಿರಾಕರಿಸುವುದು ಯಾರಿಗೂ ಸುಲಭವಲ್ಲ.

ರಜೆ ಕೇಳಲು ಹೋದಾಗ ಹೆಡ್‌ಮಾಸ್ತರರು ಅರ್ಜಿ ಓದಿದರು. ಕಾರಣದ ಜಾಗದಲ್ಲಿ ಕೃಷ್ಣಾನಂದ ಪ್ರಾಮಾಣಿಕವಾಗಿ 'ದೂರದ ಕಾಲ್ನಡಿಗೆ' ಎಂದು ಬರೆದಿದ್ದ. ಒಂದು ದಿನದ ರಜೆಗೆ ಮೂರು ಸಲ ತಿರುಗಾಡಿಸುವ ಆ ಮಹಾನುಭಾವರು ಎದ್ದು ನಿಂತರು.

"ಐದು ದಿನ ಸಾಕಾ? ವಾರ ತಗೊಳ್ಳಿ."

"ಸಾರ್, ಇದು ಹರಕೆ ಅಲ್ಲ, ಒಂದು ಕ್ಯಾಮರಾ..."

"ಹೇಳಬೇಡಿ! ನನ್ನ ಹತ್ತಿರವೂ ಹೇಳಬೇಡಿ," ಎಂದು ಹೆಡ್‌ಮಾಸ್ತರರು ಕಿವಿ ಮುಚ್ಚಿಕೊಂಡರು. ಆಮೇಲೆ ಬಾಗಿಲ ಕಡೆ ನೋಡಿ, ಮೇಜಿನ ಖಾನೆಯಿಂದ ಒಂದು ಸುಲಿದ ತೆಂಗಿನಕಾಯಿ ತೆಗೆದರು. "ಮಗಂದು ಈ ಸಲ ಪಿ.ಯು. ಗಣಿತ. ನಮ್ಮದೂ ಒಂದು ಅಲ್ಲಿಗೆ ಮುಟ್ಟಿಸಿಬಿಡಿ."

ಹರಕೆಗೆ ಹೊರಟವನ ಕೈಯಲ್ಲಿ ಕಾಯಿ ಕೊಟ್ಟರೆ ಬೇಡ ಎನ್ನುವಂತಿಲ್ಲ. ಇದು ಯಾವ ಸರ್ಕಾರಿ ಕಾಯಿದೆಯಲ್ಲೂ ಇಲ್ಲ, ಆದರೆ ಭಟ್ಕಳದಿಂದ ಕುಮಟೆಯವರೆಗೆ ಇದನ್ನು ಮೀರಿದವರಿಲ್ಲ. ಕೃಷ್ಣಾನಂದ ಕಾಯಿಯನ್ನು ಶೇಟರಲ್ಲಿಗೆ ಒಯ್ದ. ಐನೂರ ಅರವತ್ತು ಗ್ರಾಂ. ಅವನು ಕತ್ತರಿಸಿದ ಬ್ರಶ್ಶಿನ ಹಿಡಿಕೆ ಉಳಿಸಿಕೊಟ್ಟದ್ದು ಆರು ಗ್ರಾಂ.

ಸಂಕ್ರಾಂತಿ ಮುಗಿದ ವಾರ ಹೊರಡುವ ದಿನ ಬಂತು. ಅವನ ಚೀಲ ಅಂದವಾಗಿ ಮೂರೂಮುಕ್ಕಾಲು ಕಿಲೋ ಇತ್ತು. ಕ್ಯಾಮರಾಕ್ಕೆ ಹೊಯ್ಗೆ ತಾಗದಿರಲೆಂದು ಮಾಲತಿ ಒಂದು ಪುಟ್ಟ ಚೀಲ ಹೊಲಿದಿದ್ದಳು. ಮನೆಯಲ್ಲಿದ್ದ ಹೊಸ ಬಟ್ಟೆಯೆಂದರೆ ಹಳದಿ ರವಿಕೆ ಕಣದ ತುಂಡು ಒಂದೇ. ಆ ಹಳದಿ ಗಂಟನ್ನು ಕೊರಳಿಗೆ ಹಾಕಿಕೊಂಡು, ಗಡ್ಡ ನೀವುತ್ತ, ಬರಿಗಾಲಲ್ಲಿ ಕೃಷ್ಣಾನಂದ ಅಂಗಳಕ್ಕೆ ಇಳಿದರೆ, ಅಲ್ಲಿ ಓಣಿಯೇ ನಿಂತಿತ್ತು. ದೇವರ ಮುಡಿಪನ್ನು ಹಳದಿ ಬಟ್ಟೆಯಲ್ಲಿಯೇ ಕಟ್ಟುವುದಲ್ಲವೆ? ಸುಬ್ಬಿ ಮುಂದೆ ಬಂದು ಆ ಗಂಟನ್ನು ಕಣ್ಣಿಗೊತ್ತಿಕೊಂಡು ಕುಂಕುಮ ಹಚ್ಚಿದಳು. ಗಂಗಿ ಅದನ್ನು ಒಂದು ಗಳಿಗೆ ಅಂಗೈಯಲ್ಲಿ ಎತ್ತಿ ನೋಡಿದಳು. ಮೀನು ತೂಗಿದ ಕೈ ಅದು.

"ಸಣ್ಣ ಎರಡು ಬಂಗುಡೆ ತೂಕ. ಬೆಳ್ಳೀನೇ ಸೈ," ಎಂದು ಘೋಷಿಸಿದಳು.

ಆಮೇಲೆ ಕಾಯಿಗಳು ಬಂದವು. ಸುಬ್ಬಿಯ ಮೊಣಕಾಲಿಗೆ ಎರಡು, ಗಂಗಿಯ ದೋಣಿಗೆ ಒಂದು, ಯಾರದೋ ವರ್ಗಾವಣೆಗೆ ಮೂರು, ದೀಪದ ಎಣ್ಣೆ ಎರಡು ಬಾಟಲಿ, ಅಕ್ಕಿ ಐದು ಸೇರು. ಚೀಲದ ದಾರ ಕಿತ್ತುಹೋಯಿತು. ಆಗ ಗಂಗಿ ಓಡಿಹೋಗಿ ತನ್ನ ಗಂಡ ಮೀನು ಹೊರುವ ಅಡ್ಡೆ ತಂದಳು: ಒಂದು ಬಿದಿರು, ಎರಡು ತುದಿಗೂ ಬುಟ್ಟಿ. "ತೊಳ್ದೀನಿ ಒಡೇರೆ, ವಾಸ್ನೆ ಇಲ್ಲ," ಎಂದು ಅವನ ಹೆಗಲ ಮೇಲೆ ಇಟ್ಟೇಬಿಟ್ಟಳು.

"ಮಾಲತೀ, ನಾಲ್ಕು ಕಿಲೋ..." ಎಂದ ಕೃಷ್ಣಾನಂದ ದೀನನಾಗಿ.

"ನಡೀರಿ, ನಡೀರಿ. ಇದನ್ನಾದ್ರೂ ಪೂರ್ತಿ ಮಾಡಿ," ಎಂದಳು ಮಾಲತಿ. ಹೇಳುತ್ತಲೇ ಒಂದು ಪಂಚೆ ಮಡಿಸಿ ಅವನ ಹೆಗಲಿಗೂ ಬಿದಿರಿಗೂ ನಡುವೆ ಇಟ್ಟಳು. ಅದು ಅವಳಿಗೂ ಆಶ್ಚರ್ಯ.

ಮೊದಲ ದಿನ ಮುರ್ಡೇಶ್ವರದ ಹತ್ತಿರ ಸಮುದ್ರ ಬೆಳ್ಳಗೆ ನೊರೆಯುಗುಳುತ್ತ ಎಷ್ಟು ಚಂದ ಕಾಣುತ್ತಿತ್ತೆಂದರೆ ಕೃಷ್ಣಾನಂದ ಕುಣಿದಾಡುವಂತಾದ. ಇದೇ ಮೊದಲ ಫೋಟೋ! ಅಡ್ಡೆ ಇಳಿಸಿ ಹಳದಿ ಗಂಟಿಗೆ ಕೈಹಾಕಿದ. ಬಲೆ ಎಳೆಯುತ್ತಿದ್ದ ಹತ್ತು ಜನ ಹಗ್ಗ ಬಿಟ್ಟು ಓಡಿಬಂದರು.

"ಅಯ್ಯಯ್ಯೋ, ಎಂತ ಮಾಡ್ತ್ರಿ? ದೇವರ ಮುಂದೆ ಬಿಚ್ಚೂ ಗಂಟು ಇಲ್ಲಿ ಬಿಚ್ಚೂದಾ?"

"ಇದು ಮುಡಿಪಲ್ಲ, ಇದ್ರೊಳಗೆ..."

"ಹೇಳಬೇಡಿ!" ಎಂದು ಹತ್ತೂ ಜನ ಒಂದೇ ಸ್ವರದಲ್ಲಿ ಕೂಗಿದರು. ಕೂಗಿ, ಹೊಸ ದೋಣಿಗೆಂದು ಎರಡು ಕಾಯಿ ಕೊಟ್ಟರು.

ಹೀಗೇ ನಡೆಯಿತು. ಅವನಿಗಿಂತ ಮುಂದೆ ಸುದ್ದಿ ಬಸ್ಸು ಹತ್ತಿ ಹೋಗಿರುತ್ತಿತ್ತು. ಮಂಕಿಯಲ್ಲಿ ಜಗಲಿಯ ಮೇಲೆ ಚಾಪೆ ಹಾಸಿಟ್ಟುಕೊಂಡು ಕಾದಿದ್ದ ಮನೆಯವರು ಕಾಲಿಗೆ ಎಣ್ಣೆ ಹಚ್ಚಿದರು, ಬೆಳಿಗ್ಗೆ ಬೀಳ್ಕೊಡುವಾಗ ಒಂದು ಕುಂಬಳಕಾಯಿ ಬುಟ್ಟಿಯಲ್ಲಿಟ್ಟರು. ಎಂಟು ಕಿಲೋದ್ದು. ಅದಕ್ಕೆ ಸಮತೂಕವಾಗಲಿ ಎಂದು ಇನ್ನೊಂದು ಬುಟ್ಟಿಗೆ ನೆರೆಮನೆಯವರು ಒಂದು ಗೊನೆ ಬಾಳೆಹಣ್ಣು ಹಾಕಿದರು. ಹೊನ್ನಾವರದಲ್ಲಿ ಶರಾವತಿ ಸೇತುವೆಯ ಮೇಲೆ ಲಾರಿಯವನೊಬ್ಬ ಗಾಡಿ ನಿಲ್ಲಿಸಿ, ಹಿಂದಿನ ವಾಹನಗಳೆಲ್ಲ ಹಾರ್ನ್ ಹೊಡೆಯುತ್ತಿದ್ದರೂ ಲೆಕ್ಕಿಸದೆ, ಇಳಿದು ನಮಸ್ಕಾರ ಮಾಡಿ ಊದಿನಕಡ್ಡಿಯ ಕಟ್ಟು ಕೊಟ್ಟ. ಊದಿನಕಡ್ಡಿ ಹಗುರ ಎಂಬ ಕಾರಣಕ್ಕೆ ಕೃಷ್ಣಾನಂದ ಅವನನ್ನು ಮನಸಾರೆ ಹರಸಿದ.

ಆಶ್ಚರ್ಯವೆಂದರೆ ಕೃಷ್ಣಾನಂದ ನಡೆಯುತ್ತಿದ್ದ. ಹೆಗಲು ಊದಿತು, ಕಾಲು ಒಡೆಯಿತು, ಆದರೂ ನಡೆಯುತ್ತಿದ್ದ. ಇಪ್ಪತ್ತೆರಡು ವರ್ಷ ಕುರ್ಚಿಯಲ್ಲಿ ಕೂತ ಕಾಲುಗಳಿಗೆ ಹೊಯ್ಗೆಯ ರುಚಿ ಹತ್ತಿಬಿಟ್ಟಿತ್ತು. ಧಾರೇಶ್ವರದ ಹತ್ತಿರ ಬೆಳಗಿನ ಬಿಸಿಲಲ್ಲಿ ಏಡಿಗಳು ಓಡುವುದನ್ನು ಕಂಡು ಒಬ್ಬನೇ ಗಟ್ಟಿಯಾಗಿ ನಕ್ಕ. ದುಃಖ ಒಂದೇ: ಕೊರಳಲ್ಲಿ ನೂರಾ ಮೂವತ್ತೆಂಟು ಗ್ರಾಂ ಇದೆ, ಒಂದು ಫೋಟೋ ಇಲ್ಲ. ಹೊರೆ ಮೂವತ್ತು ಕಿಲೋ ಹತ್ತಿರ. ಹಿಮಾಲಯ ಎರಡೂ ಕಡೆಯಿಂದ ಕೈಬಿಟ್ಟಂತೆಯೇ.

ನಾಲ್ಕನೆಯ ದಿನ ಮಧ್ಯಾಹ್ನ ಅವನು ಕುಮಟೆ ದಾಟಿ ಕಾಗಾಲದ ಮಾವನ ಮನೆಯ ಅಂಗಳಕ್ಕೆ ಬಂದ. ಹಿಂದೆ ಮೂವತ್ತು ಜನ. ಎದುರಿಗೆ ದಿನಕರ! ಭಾವನ ಬಂಡವಾಳ ನೋಡಲೆಂದೇ ಪುಣೆಯಿಂದ ಬಂದು, ಕೈಯಲ್ಲಿ ಸ್ಪ್ರಿಂಗ್ ತಕ್ಕಡಿ ಹಿಡಿದು ನಿಂತಿದ್ದ. ಬುಟ್ಟಿಯ ಹಗ್ಗಕ್ಕೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎತ್ತಿದ. ಹತ್ತು ಕಿಲೋದ ತಕ್ಕಡಿ ಟಣ್ಣೆಂದು ತುದಿ ಮುಟ್ಟಿ, ಮತ್ತೆ ಮೇಲೆ ಬರಲೇ ಇಲ್ಲ.

"ನಾಲ್ಕು ಕಿಲೋ ಅಂದಿದ್ದೆ ಭಾವ. ಹೋಗ್ಲಿ, ಫೋಟೋ ಎಷ್ಟು?"

"ಒಂದೂ ಇಲ್ಲ," ಎಂದ ಕೃಷ್ಣಾನಂದ. ಅವನಿಗೆ ಅಳು ಬರುವಂತಾಯಿತು.

ದಿನಕರ ಹೊಟ್ಟೆ ಹಿಡಿದು ನಕ್ಕ. ಅವನ ನಗು ಅರ್ಧಕ್ಕೆ ಬಂದಿರುವಾಗ ಒಳಗಿನಿಂದ ಅವನ ತಾಯಿ ದುರ್ಗಿ ಬಂದಳು. ಅಳಿಯನ ಗಡ್ಡ, ಊದಿದ ಹೆಗಲು, ಒಡೆದ ಕಾಲು ನೋಡಿದಳು. ಮಗನ ನಗು ನೋಡಿದಳು.

"ನಾಚ್ಕೆ ಆಗೂದಿಲ್ವಾ ನಿಂಗೆ? ನಿನ್ನ ಅಕ್ಕನ ಸಲುವಾಗಿ ಭಟ್ಕಳದಿಂದ ಹೊತ್ಕೊಂಡು ಬಂದಾರೆ. ನೀ ಹಲ್ಲು ಕಿಸಿತೆ!"

"ಆಯಿ, ಅದು ಹರಕೆ ಅಲ್ಲ. ನಾನೇ ಅವರಿಗೆ..."

"ಹೇಳಬೇಡ!" ಎಂದಿತು ಅಂಗಳದಲ್ಲಿದ್ದ ಅಷ್ಟೂ ಜನ.

"ದೇವರ ಹೊರೆ. ಅಳಿಯಂದ್ರು ಇಲ್ಲೀವರೆಗೆ ಹೊತ್ರು, ಇನ್ನು ಗೋಕರ್ಣದವರೆಗೆ ನೀ ಹೊರು. ಹಿಮಾಲಯ ಹತ್ತೂ ಹೆಗಲು ಅಲ್ದಾ ನಿಂದು?" ಎಂದು ದುರ್ಗಿ ಅಡ್ಡೆಯನ್ನು ಎತ್ತಿ ಮಗನ ಹೆಗಲಿಗೆ ದಾಟಿಸಿದಳು. ಅದರ ಮೇಲೆ ತನ್ನದೂ ಒಂದು ಕಾಯಿ ಇಟ್ಟಳು.

ಅಡ್ಡೆ ಹೊರುವುದು ಬೆನ್ನಿನ ಚೀಲ ಹೊತ್ತ ಹಾಗಲ್ಲ. ಕುಂಬಳಕಾಯಿ ಒಂದು ಕಡೆ ತೂಗಿದರೆ ಬಾಳೆಗೊನೆ ಇನ್ನೊಂದು ಕಡೆ ತೂಗುತ್ತದೆ, ನಡುವೆ ಮನುಷ್ಯ ಗಡಿಯಾರದ ಲೋಲಕ. ಅಘನಾಶಿನಿ ನದಿಯ ಧಕ್ಕೆಗೆ, ದೋಣಿ ಹತ್ತುವ ಕಟ್ಟೆಗೆ, ಹೋಗಿ ಸೇರುವಷ್ಟರಲ್ಲಿ ದಿನಕರನ ಬಿಳಿ ಟೀ ಶರ್ಟು ಒದ್ದೆಯಾಗಿ, ಕಾಲು ಅಡ್ಡಾದಿಡ್ಡಿಯಾಗಿ, ಅವನು ಎರಡು ಸಲ ಗದ್ದೆಗೆ ಇಳಿದು ಮೇಲೆ ಬಂದಿದ್ದ. ಆಚೆ ದಡದ ತದಡಿಗೆ ಹೋಗುವ ದೋಣಿಯಲ್ಲಿ ಬುಟ್ಟಿಗೆ ಜಾಗ ಸಾಲದೆ, ದೋಣಿಯವನು ಕುಂಬಳಕಾಯಿಯನ್ನು ಎತ್ತಿ ಅವನ ತೊಡೆಯ ಮೇಲಿಟ್ಟ. ಹಿಮಾಲಯದ ವೀರ ಅದನ್ನು ಎರಡು ಕೈಯಲ್ಲಿ ತಬ್ಬಿಕೊಂಡು, ಬಾಯಿ ತೆರೆದು, ಉಸಿರಿಗಾಗಿ ಹುಡುಕುತ್ತ ಕೂತ.

ಈಗ ಹೊರೆ ತನ್ನ ಹೆಗಲ ಮೇಲಿಲ್ಲ, ಹರಕೆಯ ಕಟ್ಟೂ ತನಗಿಲ್ಲ ಎಂದು ಕೃಷ್ಣಾನಂದನಿಗೆ ಆಗ ಹೊಳೆಯಿತು. ನದಿಯ ಗಾಳಿಗೆ ಗಡ್ಡ ಹಾರಾಡುತ್ತಿತ್ತು. ಅವನು ಹಳದಿ ಗಂಟನ್ನು ಬಿಚ್ಚಿದ. ಜನ ತಡೆಯಲು ಏಳುವಷ್ಟರಲ್ಲಿ ಕಿಂಡಿಗೆ ಕಣ್ಣಿಟ್ಟ, ಕ್ಲಿಕ್.

ಮೊದಲು ಮಾತಾಡಿದವಳು ಜೊತೆಗೆ ಬಂದಿದ್ದ ದುರ್ಗಿ. "ಬೆಳ್ಳಿ ಕಣ್ಣು ಒಪ್ಪಿಸೂರನ್ನ ಕಂಡಿದ್ದೆ. ಫೋಟೋ ತೆಗೂ ಕಣ್ಣು ಇದೇ ಮೊದಲು," ಎಂದು ಕೈಮುಗಿದಳು. ಒಂದು ಕ್ಷಣ ಯೋಚಿಸಿ ಸೇರಿಸಿದಳು. "ದೇವರಿಗೆ ತೋರ್ಸಿ ವಾಪಸ್ ತನ್ನಿ ಅಳಿಯಂದ್ರೆ. ಅವನಿಗೆ ಫೋಟೋ ತೆಗೂಕೆ ಪುರುಸೊತ್ತೆಲ್ಲಿ?"

ಕೃಷ್ಣಾನಂದ ಪುಟ್ಟ ಪರದೆಯನ್ನು ದಿನಕರನ ಮೂಗಿನ ಮುಂದೆ ಹಿಡಿದ. ಪರದೆಯಲ್ಲಿ ಕುಂಬಳಕಾಯಿ ಸ್ಪಷ್ಟವಾಗಿ ಬಂದಿತ್ತು. ಅದರ ಹಿಂದಿನ ಮುಖವೂ ಸ್ಪಷ್ಟವಾಗಿತ್ತು.

"ದಾರಿದು ಫೋಟೋ ಕೇಳಿದ್ಯಲ್ಲ. ಪುಣೆಯಲ್ಲಿ ನಿಮ್ಮ ಬೆಟ್ಟ ಹತ್ತೂ ಸಂಘದವರಿಗೂ ಒಂದು ಕಳ್ಸಲಾ?"

ದಿನಕರ ಫೋಟೋ ನೋಡಿದ, ತನ್ನ ಎರಡು ಮೈಲಿಯ ಹೆಗಲು ಮುಟ್ಟಿಕೊಂಡ, ಭಾವನ ಎಪ್ಪತ್ತು ಕಿಲೋಮೀಟರಿನ ಹೆಗಲು ನೋಡಿದ. ಆಮೇಲೆ ಅವನು ನಿಜವಾಗಿಯೇ ತಲೆಬಾಗಿಸಿದ. "ಇದನ್ನ ಹೊತ್ಕೊಂಡು ನಾಲ್ಕು ದಿನ ಹೆಂಗೆ ನಡೆದ್ರಿ ಭಾವ?" ಎಂದ. "ಮೇ ಹತ್ತಕ್ಕೆ ಟಿಕೆಟ್ ಮಾಡಸ್ತೆ. ರಜೆ ಹಾಕಿ."

ಗೋಕರ್ಣದಲ್ಲಿ ಊರವರ ಕಾಯಿಗಳನ್ನೆಲ್ಲ ಒಪ್ಪಿಸಿ ಕೃಷ್ಣಾನಂದ ಬಸ್ಸಿನಲ್ಲಿ ಭಟ್ಕಳಕ್ಕೆ ಮರಳಿದ. ಮನೆಯ ಮೆಟ್ಟಿಲ ಮೇಲೆಯೇ "ಇದು ಪೂರ್ತಿ, ಸಂಪೂರ್ಣ!" ಎಂದು ಕೂಗಿದ. ಮಾಲತಿ ಅವನ ಕಾಲಿಗೆ ಬಿಸಿನೀರು ತಂದಳು, ಹಾರ್ಮೋನಿಯಮ್ಮಿನ ಮಾತೆತ್ತಲಿಲ್ಲ. ಹಿಮಾಲಯದ ಸುದ್ದಿಯನ್ನು ಅವನು ಅವಳೊಬ್ಬಳಿಗೇ, ಅದೂ ಕಿಟಕಿ ಹಾಕಿಕೊಂಡು, ಪಿಸುಮಾತಿನಲ್ಲಿ ಹೇಳಿದ. ಎದುರು ಮನೆಯ ಸುಬ್ಬಿಗೆ ಮೊಣಕಾಲು ಮಾತ್ರ ಹಾಳಾಗಿತ್ತು, ಕಿವಿಯಲ್ಲ.

ಮಾರನೆಯ ಬೆಳಿಗ್ಗೆ ಅವನು ಬಾಗಿಲು ತೆಗೆದಾಗ ಅಂಗಳದಲ್ಲಿ ಸುಬ್ಬಿ ನಿಂತಿದ್ದಳು. ಕೈಯಲ್ಲಿ ಸುಲಿದ ಎರಡು ಕಾಯಿ.

"ಗೋಕರ್ಣದ್ದು ಒಂದು ಕಾಲಿಗೆ ಹಿಡೀತು ಮಾಸ್ತರೆ," ಎಂದಳು. "ಇನ್ನೊಂದು ಕಾಲಿಂದು ಕೇದಾರಕ್ಕೆ."

ಅವಳ ಹಿಂದೆ ಗಂಗಿ, ಗಂಗಿಯ ಹಿಂದೆ ಹೆಡ್‌ಮಾಸ್ತರರು, ಅವರ ಹಿಂದೆ ಓಣಿ. ಕೃಷ್ಣಾನಂದ ಒಂದು ಗಳಿಗೆ ಎಲ್ಲರನ್ನೂ ನೋಡಿದ. ಯಾರನ್ನೂ ತಿದ್ದಲಿಲ್ಲ. ನೆಟ್ಟಗೆ ಒಳಗೆ ಹೋಗಿ ಪುಣೆಗೆ ಫೋನು ಹಚ್ಚಿದ.

"ದಿನಕರ, ಕ್ಯಾಮರಾ ಇದೇ ಸಾಕು. ನೀನು ಈಗಿಂದಲೇ ಅಡ್ಡೆ ಹೊರೂದು ರೂಢಿ ಮಾಡ್ಕೋ."